ಮೊದಲು ಮರ ನೋಡಿ

ನನ್ನ ಪರಿಚಯ ನನಗಿಂತ ಉದ್ದವಾಯ್ತು, ಹಾಗಾಗಿ ಪೀಠಿಕೆ ಬಿಟ್ಟೇಬಿಡ್ತೀನಿ. ಹಳೆಯ ಹಾಯಿದೋಣಿ ಇದೆ, ದುರಸ್ತಿ ಮಾಡಿಸೋದೋ ಹೊಸದು ಕಟ್ಟಿಸೋದೋ ಅಂತ ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಮೊದಲು ಮರ ನೋಡಿ. ಅಭಿಮಾನ, ದುಡ್ಡು ಎಲ್ಲ ಆಮೇಲೆ.

ಟ್ರಿಂಕೋಮಲಿ ಅಂತ ಬ್ರಿಟಿಷರ ಒಂದು ಯುದ್ಧನೌಕೆ. 1817ರಲ್ಲಿ ಬೊಂಬಾಯಿಯಲ್ಲಿ ನೀರಿಗಿಳಿದದ್ದು; ಕಟ್ಟಿದವರು ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ಇದರ ನಕ್ಷೆ ಇಂಗ್ಲೆಂಡಿನಿಂದ ಜಾವಾ ಅನ್ನೋ ಹಡಗಿನಲ್ಲಿ ಹೊರಟಿತ್ತು. 1812ರ ಡಿಸೆಂಬರಿನಲ್ಲಿ, ಬ್ರೆಜಿಲ್ ಹತ್ತಿರ, ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಎದುರಾಯ್ತು. ಜಾವಾ ಸೋತಿತು, ಸುಟ್ಟೂ ಹೋಯ್ತು, ನಕ್ಷೆಯೂ ಹೋಯ್ತು. ಕಡತ ಕಳೆದದ್ದಕ್ಕೆ ನಮ್ಮ ಯಾವ ಕಚೇರಿಯೂ ಇಷ್ಟು ಗಟ್ಟಿ ಕಾರಣ ಕೊಟ್ಟಿಲ್ಲ! ಇನ್ನೊಂದು ಪ್ರತಿ ತರಿಸಿ ಕಟ್ಟಿದರು. ತಮಾಷೆ ಅಂದ್ರೆ, ಕೆಡಿಸಿದ ಕಾನ್‌ಸ್ಟಿಟ್ಯೂಷನ್ ಬಾಸ್ಟನ್ನಿನಲ್ಲಿ, ಕಟ್ಟಿಸಿಕೊಂಡ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ, ಎರಡೂ ಇವತ್ತಿಗೂ ತೇಲ್ತಾ ಇವೆ. ಕಾನ್‌ಸ್ಟಿಟ್ಯೂಷನ್‌ನಲ್ಲಿ ಮೂಲ ಮರ ಉಳಿದಿರೋದು ಸ್ವಲ್ಪವೇ. ಟ್ರಿಂಕೋಮಲಿಯದು ನಮ್ಮ ಕಡೆಯ ತೇಗ. ತೇಗದಲ್ಲಿ ಎಣ್ಣೆಯಂಶ ಇದೆ, ಬೇಗ ಕೊಳೆಯಲ್ಲ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನೇ ತಿನ್ನುತ್ತೆ. ಟ್ರಿಂಕೋಮಲಿಯನ್ನು 1987ರಲ್ಲಿ ಹಾರ್ಟಲ್‌ಪೂಲ್‌ಗೆ ತಂದರು, ದುರಸ್ತಿ ಮುಗಿದದ್ದು 2001ಕ್ಕೆ. ಅಷ್ಟು ವರ್ಷ ಯಾಕೆ ಪಟ್ಟು ಹಿಡಿದರು? ಮರ ನೋಡಿದ್ದರು, ಅದಕ್ಕೆ.

ಹೊಸದಾದರೆ ಚಿಂತೆಯಿಲ್ಲ ಅಂತೀರಾ? ಫ್ರಾನ್ಸಿನ ರೋಷ್‌ಫೋರ್‌ನಲ್ಲಿ ಹದಿನೆಂಟನೇ ಶತಮಾನದ ಹರ್ಮಿಯೋನ್ ಹಡಗಿನ ಪ್ರತಿರೂಪವನ್ನು 1997ರಲ್ಲಿ ಶುರುಮಾಡಿ ಓಕ್‌ನಲ್ಲಿ ಕಟ್ಟಿದರು. 2015ರಲ್ಲಿ ಅಮೆರಿಕಕ್ಕೂ ಹೋಗಿಬಂತು, ಜನ ಮುಗಿಬಿದ್ದು ನೋಡಿದರು. 2021ರಲ್ಲಿ ತಪಾಸಣೆಗೆ ದಡ ಹತ್ತಿಸಿದಾಗ ಒಡಲ ತುಂಬ ಬೂಸ್ಟು. ಹೊಸ ಹಡಗು, ಹಳೆ ರೋಗ.

ಈಗ ನಿಮ್ಮ ದೋಣಿಗೆ ಬರೋಣ. ಮರವನ್ನು ಕೊಳೆಸೋದು ಸಮುದ್ರದ ಉಪ್ಪುನೀರಲ್ಲ, ಮಳೆನೀರು. (ಹಡಗು ಕೊರೆಯೋ ಹುಳದ ಕಾಟ ಬೇರೆ, ಅದಕ್ಕೆ ಇನ್ನೊಂದು ಉಪನ್ಯಾಸ ಬೇಕು.) ಮಳೆಗಾಲದಲ್ಲಿ ದೋಣಿ ಎಳೆದು ಮಡಲು ಹೊದಿಸ್ತಾರಲ್ಲ, ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಆದ್ದರಿಂದ ದಬ್ಬಳ ಹಿಡಿದು ತಳ ಚುಚ್ಚೋ ಮೊದಲು ಮೇಲ್ಗಡೆ ಚುಚ್ಚಿ. ಡೆಕ್ಕಿನ ಮೂಲೆ, ಹಾಯಿಕಂಬದ ಬುಡ, ನೀರು ನಿಲ್ಲೋ ಜಾಗ. ದಬ್ಬಳ ಸಲೀಸಾಗಿ ಒಳಗಿಳಿದರೆ ಹಲಗೆ ಬದಲಿಸಿ. ಕೀಲ್‌ನಲ್ಲೂ, ಅಂದ್ರೆ ತಳದ ಬೆನ್ನೆಲುಬಿನಲ್ಲೂ, ಪಕ್ಕೆಲುಬುಗಳಲ್ಲೂ ಇಳಿದರೆ ಹೊಸದೇ ಕಟ್ಟಿ, ದುರಸ್ತಿ ಅನ್ನೋ ಹೆಸರಿನಲ್ಲಿ ನಿಮಗೆ ನೀವೇ ಮೋಸ ಮಾಡ್ಕೋಬೇಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ನಮ್ಮ ನೌಕಾಪಡೆಯ ಹೊಲಿದ ಹಾಯಿಹಡಗು ಕೌಂಡಿನ್ಯದ ಕಥೆ ಓಡಿಸಿಯೇ ಹೇಳ್ತೀನಿ. ಅದಕ್ಕೆ ರಿಪೇರಿ ಮಾಡೋಕೆ ಹಳೆ ಹಡಗೇ ಇರಲಿಲ್ಲ. ಇದ್ದದ್ದು ಅಜಂತಾದ ಐದನೇ ಶತಮಾನದ ಒಂದು ಚಿತ್ರ. ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಹಲಗೆ ಹಲಗೆಯನ್ನು ನಾರಿನ ಹಗ್ಗದಿಂದ ಹೊಲಿದರು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು, ಹಾಯಿಯ ಮೇಲೆ ಗಂಡಭೇರುಂಡ. ಅಲ್ಲಿ ಉಳಿಸಿಕೊಂಡದ್ದು ಹಡಗನ್ನಲ್ಲ, ಹೊಲಿಯೋ ಕೈಗಳನ್ನು. ಆ ಕೈಗಳು ಇರೋದ್ರಿಂದಲೇ ಹೊಸದು ಕಟ್ಟೋದು ಸಾಧ್ಯವಾಯ್ತು.

ಖರ್ಚಿನ ಭಾಗ ಪೂರ್ತಿ ಉಳೀತು. ಒಂದೇ ಮಾತು: ಹಲಗೆ ಬಿಚ್ಚೋ ಮುಂಚೆಯೇ ಅಂದಾಜು ಕೊಡೋ ಬಡಗಿಗೆ ಮುಂಗಡ ಕೊಡಬೇಡಿ. ಮಿಕ್ಕದ್ದನ್ನು ಚಹಾ ಕುಡೀತಾ ಕೇಳಿ. ಹಿಂದೆ ಕೈ ಎತ್ತಿದವರು ಮೊದಲು.