ಗುಂಡಿಗಿಂತ ಸೀಳು ಕೆಟ್ಟದ್ದು

ಸೈಕಲ್ ಯಾಕೆ ಬೀಳಲ್ಲ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಓಡಿಸೋರು ತಮಗೇ ಗೊತ್ತಿಲ್ಲದ ಹಾಗೆ ಹ್ಯಾಂಡಲ್ಲನ್ನ ಚೂರು ಆ ಕಡೆ, ಚೂರು ಈ ಕಡೆ ಆಡಿಸ್ತಾನೇ ಇರ್ತಾರೆ. ಎಡಕ್ಕೆ ವಾಲಿದ್ರೆ ಎಡಕ್ಕೇ ತಿರುಗಿಸ್ತಾರೆ, ಚಕ್ರ ಮತ್ತೆ ಮೈಭಾರದ ಕೆಳಗೆ ಬರುತ್ತೆ. ಆ ಆಟ ನಿಂತ್ರೆ ಸೈಕಲ್ ನಿಲ್ಲಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ರಸ್ತೆ ರಿಪೇರಿ ಅಂದ ಕೂಡಲೇ ಎಲ್ಲರೂ ಗುಂಡಿ ಎಣಿಸೋಕೆ ಶುರು ಮಾಡ್ತಾರೆ. ಗುಂಡಿ ಒಳ್ಳೇದು ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ನೀರು ತುಂಬಿಲ್ಲದಿದ್ರೆ ಅದು ಹಗಲಲ್ಲಿ ಕಣ್ಣಿಗೆ ಬೀಳುತ್ತೆ. ನನಗೆ ಭಯ ಇರೋದು ನಾವು ಹೋಗೋ ದಿಕ್ಕಿಗೇ ಉದ್ದುದ್ದ ಬಾಯಿ ಬಿಟ್ಟಿರೋ ಸೀಳುಗಳದ್ದು. ಕಾಂಕ್ರೀಟ್ ರಸ್ತೆಯ ಸಂದು, ಕೇಬಲ್‌ಗೆ ಅಂತ ಅಗೆದು ಅರ್ಧಂಬರ್ಧ ಮುಚ್ಚಿದ ಜಾಗದ ಅಂಚು, ಚರಂಡಿ ಜಾಲರಿಯ ಕಂಬಿಗಳ ನಡುವಿನ ಜಾಗ. ರೇಸಿಂಗ್ ಸೈಕಲ್ಲಿನ ಟೈರು 25, 28 ಮಿಲಿಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ಹೆಬ್ಬೆರಳು. ಮುಂದಿನ ಚಕ್ರ ಅದರೊಳಗೆ ಇಳೀತು ಅಂದ್ರೆ ಹ್ಯಾಂಡಲ್ ತಿರುಗಲ್ಲ. ತಿರುಗದಿದ್ರೆ ಬ್ಯಾಲೆನ್ಸೂ ಇಲ್ಲ. ಅದೇ ಕಂಬಿ ಅಡ್ಡಡ್ಡ ಇದ್ದಿದ್ರೆ ಟಕಟಕ ಅಂತ ದಾಟಿ ಹೋಗ್ತಿದ್ವಿ. ಚೌಕದ ಜಾಲರಿಯಾದ್ರೆ ಎತ್ತಿ ಕಾಲು ಸುತ್ತು ತಿರುಗಿಸಿ ಇಟ್ಟರೆ ಆಯ್ತು. ಕಾರಿನಲ್ಲಿ ಕೂತವರಿಗೆ ಎರಡೂ ಒಂದೇ ಸದ್ದು.

ಇನ್ನು ರಸ್ತೆಯ ಅಂಚು. ಪಕ್ಕಕ್ಕೆ ಹೋಗು ಅಂತ ಹಾರ್ನ್ ಹೊಡೀತಾರಲ್ಲ, ಆ ಪಕ್ಕ ಹೇಗಿರುತ್ತೆ ನೋಡಿದ್ದೀರಾ? ನಡುವೆ ಓಡೋ ಗಾಡಿಗಳ ಚಕ್ರ ಮರಳು, ಜಲ್ಲಿ, ಗಾಜಿನ ಚೂರು ಎಲ್ಲವನ್ನೂ ಗುಡಿಸಿ ನಮ್ಮ ದಾರಿಗೇ ತಂದು ಹಾಕುತ್ತೆ. ನಡು ಎತ್ತರ, ಅಂಚು ತಗ್ಗು, ಹಾಗಾಗಿ ನೀರೂ ಅಲ್ಲೇ. ಡಾಂಬರಿಗೆ ಹೊರಗಡೆಯಿಂದ ಆಸರೆ ಇರಲ್ಲ, ಮೊದಲು ಒಡೆಯೋದೂ ಅದೇ ಅಂಚು. ಹಳೇ ಡಾಂಬರಿನ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಅಂತ ಹಾಕ್ತಾ ಹೋದ್ರೆ ಪಕ್ಕದಲ್ಲಿ ಒಂದು ಮೆಟ್ಟಿಲೇ ಆಗುತ್ತೆ. ಕೆಳಗಿಳಿದವರು ಓರೆಯಾಗಿ ಹತ್ತೋಕೆ ಹೋದ್ರೆ ಚಕ್ರ ಆ ಮೆಟ್ಟಿಲಿಗೆ ಉಜ್ಜಿಕೊಂಡೇ ಸಾಗುತ್ತೆ, ಮೇಲೆ ಹತ್ತಲ್ಲ. ಮತ್ತೆ ಅದೇ ಕಥೆ.

ನನ್ನ ವಾದ ಇಷ್ಟೇ. ರಸ್ತೆ ಪರಿಶೀಲನೆಗೆ ಬರೋರು ಜೀಪಿನ ಕಿಟಕಿಯಿಂದ ನೋಡಬಾರದು. ಸೈಕಲ್ ಹತ್ತಿ, ಆ ಅಂಚಿನಲ್ಲೇ ಬರಲಿ. ತೇಪೆ ಹಾಕಿದ್ದೀವಿ ಅಂತ ಸಹಿ ಹಾಕೋ ಮುಂಚೆ ಅದರ ಮೇಲೆ ಒಂದು ಸಲ ಓಡಿಸಲಿ. ಅಗೆದವರೇ, ಮುಚ್ಚಿದ ಮಣ್ಣು ಕುಸಿದು ಕೂರೋ ತನಕ ಹೊಣೆ ಹೊರಲಿ. ಸಣ್ಣ ಬಿರುಕಿಗೆ ಆಗಲೇ ಟಾರು ಸುರಿದು ಮುಚ್ಚಿದ್ರೆ ನೀರು ಒಳಗೆ ಇಳಿಯಲ್ಲ. ಇಳಿದ್ರೆ ಬುಡ ಮೆತ್ತಗಾಗುತ್ತೆ, ಲಾರಿ ಚಕ್ರ ಒತ್ತಿದಾಗಲೆಲ್ಲ ಮಣ್ಣು ಚಿಮ್ಮಿ ಹೊರಗೆ ಬರುತ್ತೆ, ಆಮೇಲೆ ನೀವು ಎಣಿಸೋ ಗುಂಡಿ.

ಸೈಕಲ್‌ನವರು ಈಗೀಗ ಬಂದು ಹಕ್ಕು ಕೇಳ್ತಿದ್ದಾರೆ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಅಮೆರಿಕದಲ್ಲಿ 1880ರಲ್ಲೇ ಸೈಕಲ್ ಸವಾರರು ಸಂಘ ಕಟ್ಟಿದ್ರು. 1892ರಲ್ಲಿ ಒಳ್ಳೆ ರಸ್ತೆಗೋಸ್ಕರ ಪತ್ರಿಕೆಯನ್ನೇ ಶುರು ಮಾಡಿದ್ರು. ಆಗ ಅಲ್ಲಿನ ರಸ್ತೆಗಳಲ್ಲಿ ಕಾರು ಕಂಡವರು ಯಾರು?

ಹಾಗಾಗಿ ದೂರು ಕೊಡುವಾಗ "ರಸ್ತೆ ಸರಿ ಇಲ್ಲ" ಅಂತ ಬರೀಬೇಡಿ. ಯಾವ ಕಡೆ, ಸೀಳು ಉದ್ದಕ್ಕಾ ಅಡ್ಡಕ್ಕಾ ಅಂತ ಬರೀರಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೋ ತೆಗೀರಿ, ಅಗಲ ಗೊತ್ತಾಗುತ್ತೆ. ಬಗ್ಗೋ ಮೊದಲು ಮಾತ್ರ ಹಿಂದೆ ಗಾಡಿ ಬರ್ತಿದ್ಯಾ ನೋಡ್ಕೊಳ್ಳಿ.