ಈಗ ಟೈಮ್ ಸರಿ ಇಲ್ಲ, ಮೇಡಂ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಚಿತ್ರದುರ್ಗಕ್ಕೆ ಯಾವ ಪಕ್ಷದ ನಾಯಕರು ಬಂದರೂ ಭಾಷಣ ಶುರುವಾಗುವುದು ಓಬವ್ವನಿಂದ. ಇದು ಓಬವ್ವನ ನೆಲ, ಮದಕರಿಯ ನೆಲ, ವೀರರ ನೆಲ ಅಂತ. ಚಪ್ಪಾಳೆ ಬೀಳುತ್ತದೆ. ಆಮೇಲೆ ಬಸವಣ್ಣ ಬರುತ್ತಾರೆ, ಅಂಬೇಡ್ಕರ್ ಬರುತ್ತಾರೆ. ಕೊನೆಗೆ ಜನರ ಕೈಯಿಂದ ಒಂದು ಮನವಿ ಪತ್ರ ತಗೊಂಡು ಕಾರು ಹತ್ತುತ್ತಾರೆ. ಆ ಮನವಿ ಏನಾಯಿತು ಅಂತ ಕೇಳಿದರೆ, 'ಸಾಧಕ ಬಾಧಕ ನೋಡಿ ತೀರ್ಮಾನ ಮಾಡ್ತೀವಿ' ಅನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒನಕೆ ಹಿಡಿದು ಕಿಂಡಿಯ ಹತ್ತಿರ ನಿಂತ ಆ ಹೆಂಗಸು ಸಾಧಕ ಬಾಧಕ ನೋಡುತ್ತಾ ಕೂತಿದ್ದರೆ ಇವತ್ತು ಇವರ ಭಾಷಣಕ್ಕೆ ಮೊದಲ ಸಾಲೇ ಇರುತ್ತಿರಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಸಮಾನತೆಯ ಮಾತು, ಜಾತಿ ಬೇಡ ಅನ್ನುವ ಮಾತು, ಮೂಢನಂಬಿಕೆ ಬಿಡಿ ಅನ್ನುವ ಮಾತು ಯಾರು ಆಡುತ್ತಾರೋ ಅವರಿಗೆ ಓಟು ಹಾಕುತ್ತಾ ಬಂದವಳು. ಪಕ್ಷದ ಹೆಸರು ರೇಡಿಯೊದಲ್ಲಿ ಹೇಳುವ ಹಾಗಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ ಬಿಡಿ, ಕೇಳುತ್ತಾ ಹೋದರೆ ಗೊತ್ತಾಗುತ್ತದೆ. ನನ್ನ ಸಿಟ್ಟು ನನ್ನ ವಿಚಾರ ಒಪ್ಪದವರ ಮೇಲಲ್ಲ. ಅವರು ತಮಗೆ ಬೇಕಾದ್ದನ್ನು ಹಿಂದೆ ಮುಂದೆ ನೋಡದೆ ಮಾಡುತ್ತಾರೆ. ಸಿಟ್ಟು ಇರುವುದು ನನ್ನ ಮಾತನ್ನೇ ಆಡಿ, ನನ್ನ ಓಟು ತಗೊಂಡು, ಕುರ್ಚಿಯಲ್ಲಿ ಕೂತ ಮೇಲೆ ಹೆದರುವವರ ಮೇಲೆ.

ಒಳಮೀಸಲಾತಿಯ ಕಥೆಯನ್ನೇ ನೋಡಿ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ನಮ್ಮ ರಾಜ್ಯದಲ್ಲಿ 101 ಜಾತಿಗಳಿವೆ. ಅವುಗಳಲ್ಲಿ ಎಲ್ಲರಿಗೂ ಮೀಸಲಾತಿ ಸಮನಾಗಿ ಸಿಕ್ಕಿಲ್ಲ, ಹಿಂದೆ ಉಳಿದವರಿಗೆ ಬೇರೆ ಪಾಲು ಕೊಡಿ ಅಂತ ಮಾದಿಗ ದಂಡೋರ ಹೋರಾಟದವರು ದಶಕಗಳ ಕಾಲ ಕೂಗಿದರು. ಸರ್ಕಾರ 2005ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಿಸಿತು. ಆಯೋಗ 2012ರ ಜೂನ್‌ನಲ್ಲಿ ವರದಿ ಕೊಟ್ಟಿತು. ಆಮೇಲೆ? ಆಮೇಲೆ ಏನೂ ಇಲ್ಲ. ಮುಖ್ಯಮಂತ್ರಿಗಳು ಬದಲಾದರು, ಮೂರೂ ಪಕ್ಷದವರು ಆ ಕುರ್ಚಿಯಲ್ಲಿ ಕೂತು ಎದ್ದರು. ವರದಿ ಮಾತ್ರ ಕೂತಲ್ಲೇ ಕೂತಿತ್ತು. ಓಬವ್ವ ವೃತ್ತದಲ್ಲಿ ತಮಟೆ ಬಾರಿಸಿಕೊಂಡು ನಿಂತವರಿಗೆ ಲೆಕ್ಕವಿಲ್ಲ. 2022ರ ಕೊನೆಯಲ್ಲಿ ಹರಿಹರದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ನಮ್ಮೂರು ದಾಟಿಯೇ ಹೋಗಬೇಕಲ್ಲ. ನಡೆದವರಲ್ಲಿ ಕೂದಲು ಹಣ್ಣಾದವರೂ ಇದ್ದರು. ಹೋರಾಟಕ್ಕೆ ಇಳಿದಾಗ ಅವರೆಲ್ಲ ಹುಡುಗರು.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಆರು ಮಂದಿ ಒಂದು ಕಡೆ ಒಬ್ಬರು ಇನ್ನೊಂದು ಕಡೆ, ರಾಜ್ಯಗಳು ಒಳಮೀಸಲಾತಿ ಕೊಡಬಹುದು ಅಂದಿತು. ಇನ್ನು ನೆಪ ಹೇಳುವುದಕ್ಕೆ ಏನೂ ಉಳಿದಿಲ್ಲ ಅಂದುಕೊಂಡೆವು. ನಮ್ಮವರು ಇನ್ನೊಂದು ಆಯೋಗ ಮಾಡಿದರು. ಅದರ ವರದಿ ಬರುವವರೆಗೆ ಹೊಸ ನೇಮಕಾತಿಯ ಅಧಿಸೂಚನೆ ಹೊರಡಿಸುವುದಿಲ್ಲ ಅಂದರು. ಹೀಗೆ ಹೇಳುವುದು ಸುಲಭ. ಇಲ್ಲಿ, ದಾವಣಗೆರೆಯಲ್ಲಿ, ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದ ಹುಡುಗರಿಗೆ ತಿಂಗಳು ತಿಂಗಳೂ ವಯಸ್ಸಾಗುತ್ತಾ ಹೋಯಿತು. ಪಕ್ಕದ ತೆಲಂಗಾಣ ತಡ ಮಾಡಲಿಲ್ಲ. 2025ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ, ಒಳಮೀಸಲಾತಿ ಜಾರಿ ಮಾಡಿತು. ನಮ್ಮಲ್ಲಿ ಆ ದಿನ ಹಾರ ಹಾಕಿದ್ದಾಯಿತು.

ಕೊನೆಗೂ 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಅಲ್ಲೂ ನೋಡಿ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಐದು ಗುಂಪು ಮಾಡಿ, 59 ಅಲೆಮಾರಿ ಜಾತಿಗಳಿಗೆ ಅಂತ ಶೇಕಡ 1 ತೆಗೆದಿಟ್ಟಿತ್ತು. ಸುಡುಗಾಡು ಸಿದ್ಧರು, ದಕ್ಕಲಿಗರು, ಹಂದಿಜೋಗಿಗಳಂಥವರು ಅವರು. ಊರ ಹೊರಗೆ ಟೆಂಟು ಹಾಕಿಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿ ಆಮೇಲೆ ಊರೇ ಬಿಟ್ಟು ಹೋಗುವವರನ್ನು ಹಾಜರಿ ಪುಸ್ತಕ ಬರೆದ ನಾನು ಬಲ್ಲೆ. ಸರ್ಕಾರ ಐದು ಗುಂಪನ್ನು ಮೂರು ಮಾಡಿತು. ಶೇಕಡ 6, 6, 5. ಅಲೆಮಾರಿಗಳನ್ನು ಆ ಐದರ ಗುಂಪಿಗೆ, ತಮಗಿಂತ ಎಷ್ಟೋ ಮುಂದಿರುವವರ ಜೊತೆಗೆ ಸೇರಿಸಿತು. ದೊಡ್ಡ ಗುಂಪುಗಳು ಬೇಜಾರು ಮಾಡಿಕೊಳ್ಳಬಾರದು, ಅಷ್ಟೇ ಲೆಕ್ಕ. ಓಟಿನ ಸಂಖ್ಯೆ ಯಾರದ್ದು ಕಡಿಮೆಯೋ ಅವರ ಪಾಲು ಹೋಯಿತು. ಇದನ್ನು ಸಾಮಾಜಿಕ ನ್ಯಾಯದ ಐತಿಹಾಸಿಕ ತೀರ್ಮಾನ ಅಂತ ಕರೆದರು. ಅರ್ಧ ನಿಜ, ಇಲ್ಲ ಅನ್ನಲಾರೆ. ತಡವಾಗಿಯಾದರೂ ಬಂತು. ಆದರೆ ಕೊಡುವ ಕೈ ಕೊನೆಯ ಗಳಿಗೆಯಲ್ಲೂ ನಡುಗಿತು.

ಜಾತಿ ಗಣತಿಯ ವಿಷಯದಲ್ಲಿ ನಾನೇ ಸಾಕ್ಷಿ. 2015ರ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮನೆ ಮನೆಗೆ ಹೋಗಿದ್ದು ನಾವು, ಶಾಲೆಯ ಮೇಷ್ಟ್ರುಗಳು. 55 ಪ್ರಶ್ನೆ. ಒಂದೊಂದು ಮನೆಯಲ್ಲೂ ಕೂರಿಸಿ ನೀರು ಕೊಟ್ಟರು. 'ಇದ್ರಿಂದ ನಮಗೇನು ಬರುತ್ತೆ ಮೇಡಂ, ಮನೆ ಸ್ಯಾಂಕ್ಷನ್ ಆಗುತ್ತಾ?' ಅಂತ ಕೇಳಿದರು. ಮನೆ ಅಲ್ಲಮ್ಮ, ಯಾರ ಹತ್ತಿರ ಏನಿದೆ, ಯಾರ ಹತ್ತಿರ ಏನಿಲ್ಲ ಅಂತ ಸರ್ಕಾರಕ್ಕೆ ಗೊತ್ತಾಗಬೇಕಲ್ವಾ ಅಂದೆ. ಆ ಲೆಕ್ಕ ವರದಿಯಾಗಿ ಸರ್ಕಾರದ ಕೈಗೆ ಅಧಿಕೃತವಾಗಿ ತಲುಪಿದ್ದು 2024ರ ಫೆಬ್ರವರಿ 29ರಂದು. ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಬಂದ ಕೂಡಲೇ ದೊಡ್ಡ ಸಮುದಾಯಗಳ ಮುಖಂಡರು, ತಮ್ಮ ಸಂಖ್ಯೆ ಕಡಿಮೆ ತೋರಿಸಿದ್ದಾರೆ ಅಂತ ಗುಡುಗಿದರು. ಜೂನ್‌ನಲ್ಲಿ ಹೊಸದಾಗಿ ಸಮೀಕ್ಷೆ ಮಾಡುತ್ತೇವೆ ಅಂದರು. ಕಾರಣ ಏನು ಗೊತ್ತಾ? ಹತ್ತು ವರ್ಷವಾದರೆ ಪಟ್ಟಿ ಪರಿಷ್ಕರಣೆ ಮಾಡಬೇಕು ಅಂತ ಕಾನೂನು ಹೇಳುತ್ತದಂತೆ. ಹೇಳುತ್ತದೆ, ಸರಿ. ಹತ್ತು ವರ್ಷ ಆಗುವವರೆಗೆ ಅದನ್ನು ಮುಚ್ಚಿಟ್ಟು ಕಾದವರು ಯಾರು?

2025ರ ದಸರಾ ರಜೆಯಲ್ಲಿ ನನ್ನ ಕಿರಿಯ ಸಹೋದ್ಯೋಗಿಗಳು ಮತ್ತೆ ಬೀದಿಗಿಳಿದರು. ಈ ಸಲ 60 ಪ್ರಶ್ನೆ. ಕರೆಂಟ್ ಮೀಟರ್ ಲೆಕ್ಕದಲ್ಲಿ ಮನೆ ಹುಡುಕಬೇಕು, ಮೊಬೈಲ್ ಆ್ಯಪ್‌ನಲ್ಲಿ ತುಂಬಬೇಕು, ಆ್ಯಪ್ ನಿಂತು ನಿಂತು ಹೋಗುತ್ತದೆ. ಶಾಲೆ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹಾಕಿದರು. ನನ್ನ ಹಳೆಯ ಫಾರಂಗಳು ಎಲ್ಲಿವೆಯೋ ದೇವರೇ ಬಲ್ಲ.

ಇನ್ನು ನಮ್ಮ ಜಿಲ್ಲೆಯ ಹಟ್ಟಿಗಳ ಮಾತು. ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಊರ ಹೊರಗೆ ಇರಿಸುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ನನ್ನ ತರಗತಿಯಲ್ಲಿ ಹಟ್ಟಿಯ ಹುಡುಗಿಯರು ತಿಂಗಳಿಗೆ ಕೆಲವು ದಿನ ಬರುತ್ತಿರಲಿಲ್ಲ. ಯಾಕೆ ಅಂತ ಹಾಜರಿ ಪುಸ್ತಕ ಕೇಳುವುದಿಲ್ಲ, ನಾನು ಕೇಳುತ್ತಿದ್ದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಊರ ಹೊರಗಿನ ಗುಡಿಸಲಲ್ಲಿ ತಾಯಿಯ ಜೊತೆ ಇದ್ದ ಹಸುಗೂಸು ಮಳೆ ಚಳಿಗೆ ತೀರಿಕೊಂಡಿತು. ಪತ್ರಿಕೆಗಳಲ್ಲಿ ಬಂದಿತ್ತು, ನೆನಪಿರಬಹುದು.

ಇಂಥದ್ದನ್ನು ತಡೆಯುವ ಕಾನೂನು ಇಲ್ಲವೇ ಅಂದರೆ, ಇದೆ. ಮೂಢನಂಬಿಕೆ ತಡೆ ಕಾನೂನಿನ ಕರಡು 2013ರಲ್ಲೇ ತಯಾರಾಗಿತ್ತು. ಕೂಗಾಟ ಶುರುವಾದ ಕೂಡಲೇ ಒಳಗಿಟ್ಟರು. ತೆಳುಮಾಡಿ ತೆಳುಮಾಡಿ, ಜ್ಯೋತಿಷ್ಯ, ವಾಸ್ತು ಎಲ್ಲ ಕೈಬಿಟ್ಟು, 2017ರ ನವೆಂಬರ್‌ನಲ್ಲಿ ಅಂಗೀಕಾರ ಮಾಡಿದರು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಹೆಣ್ಣುಮಕ್ಕಳನ್ನು ಮುಟ್ಟಿನ ಹೆಸರಲ್ಲಿ ಹೊರಗಿಡುವುದು ಅದರ ಪ್ರಕಾರ ಅಪರಾಧ. ಆದರೆ ಹಟ್ಟಿಯ ಜಾತ್ರೆಗೆ ಬಂದು ಹಾರ ಹಾಕಿಸಿಕೊಳ್ಳುವ ಯಾವ ನಾಯಕರೂ ಮೈಕಿನಲ್ಲಿ ಈ ಕಾನೂನಿನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ಬದಲಿಗೆ ಕೆಲವು ಕಡೆ ಹೊರಗೆ ಕೂರುವವರಿಗೆ ಅಂತ ಸರ್ಕಾರದ ದುಡ್ಡಿನಲ್ಲೇ ಕಟ್ಟಡ ಕಟ್ಟಿಸಿಕೊಟ್ಟರು. ಮಳೆಗೆ ನೆನೆಯುವುದಕ್ಕಿಂತ ಅದು ವಾಸಿ ಅನ್ನಬಹುದು, ನಾನೂ ಒಪ್ಪುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇದೇ. ಹಟ್ಟಿಯವರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಅಲ್ಲಿಯ ಓದಿದ ಹೆಣ್ಣುಮಕ್ಕಳೇ ಅಮ್ಮ ಅಜ್ಜಿಯರ ಜೊತೆ ಜಗಳವಾಡಿ ಮನೆಯೊಳಗೆ ಉಳಿದಿದ್ದಾರೆ. ಹದಿನೈದು ವರ್ಷದ ಹುಡುಗಿಗೆ ಇರುವ ಧೈರ್ಯ ಪೊಲೀಸ್ ಎಸ್ಕಾರ್ಟ್ ಇಟ್ಟುಕೊಂಡವರಿಗೆ ಇಲ್ಲ.

ನನ್ನ ಒಬ್ಬ ಶಿಷ್ಯ ಈಗ ಸ್ವಲ್ಪ ದೊಡ್ಡ ಪುಢಾರಿ. ಒಳ್ಳೆಯ ಹುಡುಗ, ಕಂಡರೆ ಕಾಲಿಗೆ ಬೀಳುತ್ತಾನೆ. ಒಂದು ಮದುವೆಯಲ್ಲಿ ಸಿಕ್ಕಿದ್ದ. ಈ ಎಲ್ಲ ಕೇಳಿದೆ. 'ನೀವು ಹೇಳೋದು ನೂರಕ್ಕೆ ನೂರು ಸರಿ. ಆದ್ರೆ ಈಗ ಟೈಮ್ ಸರಿ ಇಲ್ಲ, ಮೇಡಂ. ಎಲೆಕ್ಷನ್ ಹತ್ರ ಬರ್ತಿದೆ' ಅಂದ. ಎಲೆಕ್ಷನ್ ಮುಗಿದ ಮೇಲೆ ಇನ್ನೊಂದು ಮದುವೆಯಲ್ಲಿ ಸಿಕ್ಕ. 'ಈಗಷ್ಟೇ ಬಂದಿದ್ದೀವಿ, ಈಗಲೇ ಜೇನುಗೂಡಿಗೆ ಕೈ ಹಾಕೋದು ಬೇಡ' ಅಂದ. ಆಮೇಲೆ ದನಿ ತಗ್ಗಿಸಿ, 'ದೇವರಾಜ ಅರಸು ಎಷ್ಟೆಲ್ಲ ಮಾಡಿದ್ರು. ಜನ ಅವರನ್ನ ಉಳಿಸಿಕೊಂಡ್ರಾ, ಹೇಳಿ?' ಅಂತ ಕೇಳಿದ.

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಅರಸು ಅವರು ತಂದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರ ಡಿಕ್ಲರೇಷನ್ ಹಾಕಬೇಕು, ತಾಲ್ಲೂಕಿನಲ್ಲೇ ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕು. ಆ ಮಂಡಳಿಯ ಮುಂದೆ ವಕೀಲರು ಬರುವ ಹಾಗೇ ಇರಲಿಲ್ಲ. ಎಂಥ ಯೋಚನೆ ನೋಡಿ! ದುಡ್ಡಿರುವ ಒಡೆಯ ವಕೀಲರನ್ನು ತಂದರೆ ಬಡ ಗೇಣಿದಾರ ಬಾಯಿ ಬಿಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗವನ್ನು ನೇಮಿಸಿದ್ದು 1972ರಲ್ಲಿ, ವರದಿ ಬಂದದ್ದು 1975ರಲ್ಲಿ. ಕಂಪ್ಯೂಟರ್ ಇಲ್ಲ, ಆ್ಯಪ್ ಇಲ್ಲ, ಮೂರೇ ವರ್ಷ.

ಹೌದು, ಅರಸು ಸೋತರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಸೀಟೂ ಬರಲಿಲ್ಲ. ಆದರೆ ಅವರು ಸೋತದ್ದು ಭೂಮಿ ಹಂಚಿದ್ದಕ್ಕಲ್ಲ, ಇಂದಿರಾ ಗಾಂಧಿಯವರನ್ನು ಬಿಟ್ಟು ಬೇರೆ ದಾರಿ ಹಿಡಿದದ್ದಕ್ಕೆ. ಭೂ ಸುಧಾರಣೆ ನಡೆಯುತ್ತಿರುವಾಗಲೇ, 1978ರಲ್ಲಿ, ಇದೇ ಜನ ಅವರನ್ನು ಮತ್ತೆ ಗೆಲ್ಲಿಸಿದ್ದರು. ಈ ಅರ್ಧ ಕಥೆಯನ್ನು ನನ್ನ ಶಿಷ್ಯ ಹೇಳುವುದಿಲ್ಲ. ಇನ್ನು ಸೋಲುವುದು ಅಂದರೆ ಪ್ರಪಂಚ ಮುಳುಗುವುದೂ ಅಲ್ಲ. ನಮ್ಮ ದುರ್ಗದವರೇ ಆದ ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಅದೇ ವರ್ಷ ಬಾಗಲಕೋಟೆಯಿಂದ ಗೆದ್ದು ಮುಖ್ಯಮಂತ್ರಿಯಾದರು, 1968ರವರೆಗೆ ಇದ್ದರು.

ಪಂಚಾಯಿತಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ನಮ್ಮ ಬರದ ಸೀಮೆಯ ಹಳಬರು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು, ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ. ಅವರು ಅಧಿಕಾರವನ್ನೇ ಬೆಂಗಳೂರಿನಿಂದ ಹಳ್ಳಿಗೆ ಇಳಿಸಿದರು. 1983ರ ಪಂಚಾಯಿತಿ ಕಾನೂನು, 1987ರಲ್ಲಿ ಚುನಾವಣೆ, ಹೆಣ್ಣುಮಕ್ಕಳಿಗೆ ಶೇಕಡ 25 ಮೀಸಲು. ದೇಶಕ್ಕೇ ಮೊದಲು ದಾರಿ ತೋರಿಸಿದ ರಾಜ್ಯ ನಮ್ಮದು ಅಂತ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಅದೇ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು. ಕ್ಷೇತ್ರ ವಿಂಗಡಣೆ ಅಂತೆ, ಮೀಸಲು ಪಟ್ಟಿ ಅಂತೆ. ಒಬ್ಬರಾದ ಮೇಲೆ ಒಬ್ಬರು ಮುಂದೂಡಿದರು. ಎಲೆಕ್ಷನ್ ಇದೆ ಅಂತ ಕೆಲಸ ಮಾಡಲು ಹೆದರುವವರು ಎಲೆಕ್ಷನ್ ನಡೆಸಲೂ ಹೆದರಿದರೆ ಏನನ್ನೋಣ!

ಒಂದು ವಿಷಯದಲ್ಲಿ ಮಾತ್ರ ಇವರಿಗೆ ಭಯವೇ ಇಲ್ಲ. ಅದು ನಮ್ಮ ವಿಷಯದಲ್ಲಿ. ದೊಡ್ಡ ಮಠ, ದೊಡ್ಡ ಜಾತಿ ಸಂಘ, ದುಡ್ಡಿನ ಕುಳ ಮುನಿಸಿಕೊಂಡರೆ ಓಡಿಹೋಗಿ ಸಮಾಧಾನ ಮಾಡುತ್ತಾರೆ. ನನ್ನಂಥವಳು ಮುನಿಸಿಕೊಂಡರೆ ನಗುತ್ತಾರೆ. 'ಮೇಡಂ ಬೈತಾರೆ, ಆದ್ರೆ ಓಟು ನಮಗೇ ಹಾಕ್ತಾರೆ.' ನಿಜ ತಾನೆ? ಆ ಕಡೆಯವರು ಬಂದರೆ ಇನ್ನೂ ಕಷ್ಟ ಅಂತ ಹೋಗಿ ಅದೇ ಬಟನ್ ಒತ್ತುತ್ತೇನೆ. 2013ರಿಂದ ನೋಟಾ ಬಟನ್ ಇದೆ. ಎಷ್ಟು ಜನ ಒತ್ತಿದರೂ ಗೆಲ್ಲುವವನು ಗೆಲ್ಲುತ್ತಾನೆ, ಅದರಿಂದ ಯಾರ ನಿದ್ದೆಯೂ ಕೆಡುವುದಿಲ್ಲ. ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿದರು, 2024ರ ಜನವರಿಯಲ್ಲಿ. ಕಚೇರಿಗಳಿಗೆಲ್ಲ ಫೋಟೊ ಬಂತು. ನನಗೂ ಖುಷಿಯಾಯಿತು, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಫೋಟೊದ ಆದೇಶಕ್ಕೆ ಆಯೋಗ ಬೇಕಾಗುವುದಿಲ್ಲ, ಸಾಧಕ ಬಾಧಕವೂ ಇಲ್ಲ.

ನಾವು ಕೆಲವರು ನಿವೃತ್ತ ಮೇಷ್ಟ್ರು ಸಂಜೆ ಹೊತ್ತು ಪಾರ್ಕಿನಲ್ಲಿ ಸೇರುತ್ತೇವೆ. ಬೀಪಿ, ಶುಗರ್, ಪಿಂಚಣಿಯ ಮಾತು ಜಾಸ್ತಿ. ಈಗ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮುಂದಿನ ಸಲ ಓಟು ಕೇಳಲು ಯಾರೇ ಬಂದರೂ, ಅಭಿವೃದ್ಧಿ, ರಸ್ತೆ, ಭದ್ರಾ ಮೇಲ್ದಂಡೆ ನೀರು ಎಲ್ಲ ಕೇಳಿದ ಮೇಲೆ, ಒಂದು ಪ್ರಶ್ನೆ ಹಾಕುವುದು. ಅಲೆಮಾರಿಗಳ ಶೇಕಡ 1ಕ್ಕೆ ನಿಮ್ಮ ಪಕ್ಷದ ಸಭೆಯಲ್ಲಿ ನೀವು ಎದ್ದು ನಿಂತು ಮಾತಾಡುತ್ತೀರಾ, ಇಲ್ವಾ? ಹೌದು ಅಥವಾ ಇಲ್ಲ, ಅಷ್ಟು ಸಾಕು. ಉತ್ತರವನ್ನು ಅವರ ಮುಂದೆಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು. ಆರು ತಿಂಗಳಾದ ಮೇಲೆ ಅದೇ ಮೊಬೈಲ್ ಹಿಡಿದು ಅವರ ಮನೆಗೆ ಹೋಗುವುದು. ಮನೆಗೇ ಹೋಗಬೇಕು, ಆಫೀಸಿನಲ್ಲಿ ಪಿ.ಎ. ಬಿಡುವುದಿಲ್ಲ.

ಅಭ್ಯಾಸಕ್ಕೆ ಇರಲಿ ಅಂತ ಮೊದಲು ನನ್ನ ಶಿಷ್ಯನಿಗೇ ಫೋನ್ ಮಾಡಿ ಕೇಳಿದೆ. 'ಪಕ್ಷ ಏನು ಹೇಳುತ್ತೋ ಹಾಗೆ, ಮೇಡಂ' ಅಂದ.

'ಪಕ್ಷ ಅಂದ್ರೆ ಯಾರಪ್ಪ?' ಅಂದೆ.

ಸಿಗ್ನಲ್ ಸರಿ ಇಲ್ಲ, ಆಮೇಲೆ ಮಾಡ್ತೀನಿ ಅಂದ. ಇನ್ನೂ ಮಾಡಿಲ್ಲ. ಈ ಭಾಷಣ ಕೇಳಿದರೆ ಮಾಡಬಹುದು, ನನ್ನ ನಂಬರ್ ಬದಲಾಗಿಲ್ಲ.

ನಮಸ್ಕಾರ.