ಕಡತಕ್ಕೆ ಅಂಟಿಸುವ ಚೀಟಿ: ಸಿ ಭಾಷೆಯಲ್ಲಿ ವಿಸ್ತೃತ ಗುಣಲಕ್ಷಣಗಳು

ಸ್ನೇಹಿತರೇ,

ಒಂದು ಕಡತದ ಬಗ್ಗೆ ಲಿನಕ್ಸ್ ಏನೇನು ನೆನಪಿಟ್ಟುಕೊಂಡಿರುತ್ತದೆ ಎಂದು ಕೇಳಿದರೆ, ಅದರ ಒಡೆಯ ಯಾರು, ಗಾತ್ರ ಎಷ್ಟು, ಓದುವ ಬರೆಯುವ ಅನುಮತಿ ಯಾರಿಗಿದೆ, ಕೊನೆಯ ಸಲ ಬದಲಾದದ್ದು ಯಾವಾಗ ಎಂಬಿಷ್ಟನ್ನು ನೀವೆಲ್ಲರೂ ಹೇಳಬಲ್ಲಿರಿ. ಇವೆಲ್ಲ ಕಡತದ ವಿವರಗಳನ್ನು ಹಿಡಿದಿಡುವ ಐನೋಡ್ ಎಂಬ ದಾಖಲೆಯಲ್ಲಿ ಮೊದಲೇ ಗೊತ್ತುಪಡಿಸಿದ ಖಾನೆಗಳು. ನಮಗೆ ಬೇಕೆನಿಸಿದ ಹೊಸ ಖಾನೆಯನ್ನು ಅಲ್ಲಿ ಸೇರಿಸಲು ಬರುವುದಿಲ್ಲ. ಶಾಸನವೊಂದರ ಛಾಯಾಚಿತ್ರಕ್ಕೆ ಅದು ದೊರೆತ ಊರಿನ ಹೆಸರನ್ನು ಅಂಟಿಸಬೇಕು, ಆದರೆ ಚಿತ್ರದೊಳಗಿನ ಒಂದು ಬೈಟ್ ಕೂಡ ಬದಲಾಗಬಾರದು ಎಂದಾಗ ಒದಗಿ ಬರುವುದೇ ವಿಸ್ತೃತ ಗುಣಲಕ್ಷಣ. ಬಳಕೆಯ ಮಾತಿನಲ್ಲಿ ಇದು ಎಕ್ಸ್‌ಆಟ್ರ್. ಒಂದು ಹೆಸರು, ಅದಕ್ಕೊಂದು ಮೌಲ್ಯ, ಅಷ್ಟೇ ಅದರ ರಚನೆ. ಲಿನಕ್ಸ್ 2.4ರ ಕಾಲದಿಂದಲೂ ಅದರ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಬೇಕಾದ ಸಿಸ್ಟಮ್ ಕಾಲ್‌ಗಳು, ಅಂದರೆ ಪ್ರೋಗ್ರಾಮ್‌ಗಳು ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳು, ಇವೆ.

ಹೆಸರನ್ನು ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಅದು ಯೂಸರ್, ಟ್ರಸ್ಟೆಡ್, ಸಿಸ್ಟಮ್, ಸೆಕ್ಯುರಿಟಿ ಎಂಬ ನಾಲ್ಕು ವರ್ಗಗಳಲ್ಲೊಂದರಿಂದ ಆರಂಭವಾಗಿ, ಒಂದು ಚುಕ್ಕಿಯ ನಂತರ ಮುಂದುವರಿಯಬೇಕು. ಸೆಕ್ಯುರಿಟಿ ವರ್ಗದಲ್ಲಿ ಎಸ್‌ಇ ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತನ್ನ ಗುರುತನ್ನು ಬರೆದಿಡುತ್ತದೆ. ಪ್ರೋಗ್ರಾಮ್‌ಗೆ ರೂಟ್‌ನ, ಅಂದರೆ ಗಣಕದ ಮೇಲ್ವಿಚಾರಕನ, ಪೂರ್ಣ ಅಧಿಕಾರ ಕೊಡದೆ ಬೇಕಾದ ಒಂದೆರಡು ಸವಲತ್ತನ್ನಷ್ಟೇ ಕೊಡುವ ಕೇಪಬಿಲಿಟಿಗಳು ಕೂಡ ಅಲ್ಲಿಯೇ ಇರುತ್ತವೆ. ಸಾಮಾನ್ಯ ಪ್ರೋಗ್ರಾಮರ್ ಕೈಹಾಕಬಹುದಾದ್ದು ಯೂಸರ್ ವರ್ಗಕ್ಕೆ ಮಾತ್ರ, ಅದೂ ಮುಖ್ಯವಾಗಿ ಸಾಮಾನ್ಯ ಕಡತ ಮತ್ತು ಡೈರೆಕ್ಟರಿಗಳ ಮೇಲೆ. ಬೇರೊಂದು ಕಡತವನ್ನು ತೋರಿಸುವ ಸಿಂಬಾಲಿಕ್ ಲಿಂಕ್ ಮತ್ತು ಯಂತ್ರಭಾಗಗಳನ್ನು ಪ್ರತಿನಿಧಿಸುವ ಡಿವೈಸ್ ಕಡತಗಳಿಗೆ ಇದನ್ನು ಕೊಡದಿರುವುದಕ್ಕೆ ಕಾರಣವಿದೆ. ಅವುಗಳ ಅನುಮತಿಗಳಿಗೆ ಬೇರೆಯೇ ಅರ್ಥವಿರುವುದರಿಂದ, ಎಲ್ಲರಿಗೂ ಬರೆಯುವ ಅವಕಾಶವಿರುವ ಡಿವೈಸ್ ಕಡತಕ್ಕೆ ಯಾರು ಬೇಕಾದರೂ ಚೀಟಿ ಅಂಟಿಸುತ್ತ ಡಿಸ್ಕಿನ ಜಾಗವನ್ನು ತುಂಬಿಬಿಡಬಹುದಿತ್ತು.

ಇನ್ನು ಕರೆಯ ವಿಷಯ. ಗುಣಲಕ್ಷಣವನ್ನು ಬರೆಯುವ ಸೆಟ್‌ಎಕ್ಸ್‌ಆಟ್ರ್ ಫಂಕ್ಷನ್ ಐದು ಆರ್ಗ್ಯುಮೆಂಟ್‌ಗಳನ್ನು ತೆಗೆದುಕೊಳ್ಳುತ್ತದೆ: ಕಡತದ ಪಾತ್, ಗುಣಲಕ್ಷಣದ ಹೆಸರು, ಮೌಲ್ಯವಿರುವ ಜಾಗದ ವಿಳಾಸ (ಪಾಯಿಂಟರ್), ಆ ಮೌಲ್ಯದ ಗಾತ್ರ, ಕೊನೆಯಲ್ಲಿ ಫ್ಲ್ಯಾಗ್. ಮ್ಯಾಕ್ ಗಣಕಗಳಲ್ಲಿ ಇದೇ ಹೆಸರಿನ ಫಂಕ್ಷನ್‌ಗೆ ಆರು ಆರ್ಗ್ಯುಮೆಂಟ್‌ಗಳಿವೆ. ಆದ್ದರಿಂದ ಲಿನಕ್ಸ್‌ಗೆಂದು ಬರೆದ ಕೋಡ್ ಅಲ್ಲಿ ಕಂಪೈಲ್ ಕೂಡ ಆಗುವುದಿಲ್ಲ. ಈ ಐದರಲ್ಲಿ ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ನಾಲ್ಕನೆಯದರಲ್ಲಿ. ಕರ್ನಲ್‌ನ ದೃಷ್ಟಿಯಲ್ಲಿ ಮೌಲ್ಯವೆಂದರೆ ಸ್ಟ್ರಿಂಗ್ ಅಲ್ಲ, ಬರಿಯ ಬೈಟ್‌ಗಳ ಸಾಲು. ಎಷ್ಟು ಬೈಟ್ ಎಂದು ನಾವು ಹೇಳುತ್ತೇವೋ ಅಷ್ಟನ್ನು ಅದು ಮರುಮಾತಿಲ್ಲದೆ ಬರೆದುಕೊಳ್ಳುತ್ತದೆ.

‘ಮೈಸೂರು’ ಎಂಬ ಪದವನ್ನೇ ನೋಡೋಣ. ಓದುವಾಗ ಮೂರು ಅಕ್ಷರ. ಯುನಿಕೋಡ್‌ನಲ್ಲಿ ವ್ಯಂಜನ ಮೂರು, ಸ್ವರಚಿಹ್ನೆ ಮೂರು, ಒಟ್ಟು ಆರು ಸಂಕೇತಗಳು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 18 ಬೈಟ್‌ಗಳು. ಸ್ಟ್ರಿಂಗ್‌ನ ಉದ್ದವನ್ನು ಅಳೆಯುವ ಸ್ಟ್ರ್‌ಲೆನ್ ಕೊಡುವುದು ಈ 18ನ್ನೇ, ಆದ್ದರಿಂದ ಅದನ್ನು ಬಳಸಿದವರಿಗೆ ತೊಂದರೆಯಿಲ್ಲ. ಆದರೆ ಪಾಯಿಂಟರ್‌ನ ಮೇಲೆ ಸೈಜ್‌ಆಫ್ ಹಾಕಿದವರಿಗೆ 64 ಬಿಟ್ ಗಣಕದಲ್ಲಿ ಸಿಗುವುದು ಪಾಯಿಂಟರ್‌ನದೇ ಗಾತ್ರವಾದ 8. ಕರ್ನಲ್ ಎಂಟೇ ಬೈಟ್ ಬರೆದು, ಎಲ್ಲವೂ ಸರಿಯಾಯಿತೆಂದು ಸೊನ್ನೆಯನ್ನು ಹಿಂದಿರುಗಿಸುತ್ತದೆ. ಆ ಎಂಟರಲ್ಲಿ ಮೊದಲ ಆರು ‘ಮೈ’ ಆಗುತ್ತವೆ, ಉಳಿದೆರಡು ‘ಸ’ಕಾರದ ಮೂರು ಬೈಟ್‌ಗಳಲ್ಲಿ ಮೊದಲ ಎರಡು. ಓದಿ ನೋಡಿದಾಗ ‘ಮೈ’ ಕಾಣಿಸಿ ಅದರ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ನಿಂತಿರುತ್ತದೆ. ಅಂತೂ ಚಿಕ್ಕ ಇಂಗ್ಲಿಷ್ ಪದಗಳಲ್ಲೇ ಪರೀಕ್ಷೆ ಮಾಡುವವರಿಗೆ, ಅದರಲ್ಲೂ ಎಂಟು ಅಕ್ಷರದ ಪದವನ್ನು ಆರಿಸಿಕೊಂಡವರಿಗೆ, ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಸಿ ಸ್ಟ್ರಿಂಗ್‌ನಲ್ಲಿರುವಂತೆ ಮೌಲ್ಯದ ಕೊನೆಯಲ್ಲಿ ಸೊನ್ನೆಯ ಬೈಟ್ ಇರುತ್ತದೆಂದು ನಂಬಿ ಓದುವುದೂ ಇದೇ ಜಾತಿಯ ತಪ್ಪು. ಮೌಲ್ಯವನ್ನು ಓದುವ ಗೆಟ್‌ಎಕ್ಸ್‌ಆಟ್ರ್‌ಗೆ ಗಾತ್ರವನ್ನು ಸೊನ್ನೆ ಎಂದು ಕೊಟ್ಟರೆ ಮೌಲ್ಯ ಎಷ್ಟು ಉದ್ದವಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಅದಕ್ಕಿಂತ ಒಂದು ಬೈಟ್ ಹೆಚ್ಚು ಜಾಗ ಪಡೆದು, ಓದಿದ ಮೇಲೆ ಕೊನೆಯ ಸೊನ್ನೆಯನ್ನು ನಾವೇ ಇಡಬೇಕು. ಈ ಎರಡು ಕರೆಗಳ ನಡುವೆ ಇನ್ನೊಂದು ಪ್ರಕ್ರಿಯೆ ಮೌಲ್ಯವನ್ನು ಉದ್ದವಾಗಿಸಿದ್ದರೆ ಜಾಗ ಸಾಲದೆಂಬ ಈರೇಂಜ್ ದೋಷ ಬರುತ್ತದೆ. ಆಗ ಮತ್ತೆ ಮೊದಲಿಂದ ಕೇಳಬೇಕು.

ಫ್ಲ್ಯಾಗ್ ಜಾಗದಲ್ಲಿ ಸೊನ್ನೆ ಇಟ್ಟರೆ, ಗುಣಲಕ್ಷಣ ಇಲ್ಲದಿದ್ದಲ್ಲಿ ಹುಟ್ಟುತ್ತದೆ, ಇದ್ದಲ್ಲಿ ಹೊಸ ಮೌಲ್ಯ ಹಳೆಯದನ್ನು ಅಳಿಸುತ್ತದೆ. ಇದ್ದದ್ದನ್ನು ಅಳಿಸಬಾರದೆಂದರೆ ಎಕ್ಸ್‌ಆಟ್ರ್ ಕ್ರಿಯೇಟ್, ಇಲ್ಲದ್ದನ್ನು ಹುಟ್ಟಿಸಬಾರದೆಂದರೆ ಎಕ್ಸ್‌ಆಟ್ರ್ ರಿಪ್ಲೇಸ್. ಮೊದಲು ಗೆಟ್‌ಎಕ್ಸ್‌ಆಟ್ರ್‌ನಿಂದ ಇದೆಯೇ ಎಂದು ನೋಡಿ ಆಮೇಲೆ ಬರೆಯುವ ಜಾಣತನ ಬೇಡ; ನೋಡಿದ ಮತ್ತು ಬರೆದ ಗಳಿಗೆಗಳ ನಡುವೆ ಬೇರೊಬ್ಬರು ಬರೆದಿರಬಹುದು. ಕಡತವನ್ನು ಈಗಾಗಲೇ ತೆರೆದಿದ್ದರೆ ಪಾತ್ ಬದಲು ತೆರೆದ ಕಡತದ ಸಂಖ್ಯೆಯಾದ ಫೈಲ್ ಡಿಸ್ಕ್ರಿಪ್ಟರ್ ತೆಗೆದುಕೊಳ್ಳುವ ಎಫ್‌ಸೆಟ್‌ಎಕ್ಸ್‌ಆಟ್ರ್ ಲೇಸು.

ವಿಫಲವಾದ ಕರೆ ಮೈನಸ್ ಒಂದನ್ನು ಕೊಟ್ಟು ಕಾರಣವನ್ನು ಎರ್ನೊ ಎಂಬ ವೇರಿಯಬಲ್‌ನಲ್ಲಿ ಬಿಡುತ್ತದೆ. ಈನಾಟ್‌ಸಪ್ ಎಂದರೆ ಆ ಫೈಲ್‌ಸಿಸ್ಟಮ್‌ನಲ್ಲಿ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸುವ ವ್ಯವಸ್ಥೆಯಲ್ಲಿ) ಈ ಸೌಲಭ್ಯವಿಲ್ಲ. ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ಗಳಲ್ಲಿ ಇದನ್ನು ನಿರೀಕ್ಷಿಸಿಯೇ ಇರಬೇಕು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಜಾಗವಿಲ್ಲವೆನ್ನುವ ಈನೋಸ್ಪೇಸ್ ಬಂದರೆ ಗಾಬರಿಯಾಗಬೇಡಿ. ಕರ್ನಲ್ ಒಂದು ಮೌಲ್ಯಕ್ಕೆ 64 ಕಿಲೋಬೈಟ್‌ವರೆಗೆ ಅವಕಾಶ ಕೊಟ್ಟರೂ, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಸಾಮಾನ್ಯ ಸ್ಥಿತಿಯಲ್ಲಿ ಕಡತದ ಎಲ್ಲ ಗುಣಲಕ್ಷಣಗಳನ್ನೂ ಐನೋಡ್‌ನಲ್ಲಿ ಉಳಿದ ಚೂರು ಜಾಗದಲ್ಲಿ ಮತ್ತು ಒಂದೇ ಒಂದು ಬ್ಲಾಕ್‌ನಲ್ಲಿ ಹಿಡಿಸಬೇಕು. ಬ್ಲಾಕ್ ಎಂದರೆ ಹೆಚ್ಚಾಗಿ 4096 ಬೈಟ್. ಹೆಸರಿಗೂ 255 ಬೈಟ್‌ಗಳ ಮಿತಿಯಿದೆ. ಯೂಸರ್ ಮತ್ತು ಚುಕ್ಕಿಯ ಐದನ್ನು ಕಳೆದರೆ ಕನ್ನಡದಲ್ಲಿ ಹೆಸರಿಡುವವರಿಗೆ ಉಳಿಯುವುದು 83 ಸಂಕೇತಗಳು.

ಇಷ್ಟೆಲ್ಲ ಎಚ್ಚರದಿಂದ ಅಂಟಿಸಿದ ಚೀಟಿ ಉಳಿಯುತ್ತದೆಯೇ? ನಾನು ಒಮ್ಮೆ ಒಂದು ಸಂಗ್ರಹದ ಚಿತ್ರಗಳಿಗೆಲ್ಲ ಊರಿನ ಹೆಸರು ಬರೆದು, ಸಿಪಿ ಆಜ್ಞೆಯಿಂದ ಪ್ರತಿ ತೆಗೆದು, ಮೂಲವನ್ನು ಅಳಿಸಿದೆ. ಪ್ರತಿಯಲ್ಲಿ ಚಿತ್ರಗಳಿದ್ದವು, ಊರುಗಳಿರಲಿಲ್ಲ. ಸಿಪಿ ತಾನಾಗಿ ಎಕ್ಸ್‌ಆಟ್ರ್‌ಗಳನ್ನು ಒಯ್ಯುವುದಿಲ್ಲ, ಪ್ರಿಸರ್ವ್ ಆಯ್ಕೆಯಲ್ಲಿ ಹೆಸರಿಟ್ಟು ಹೇಳಬೇಕು. ಕಡತಗಳನ್ನು ಒಂದೇ ಕಟ್ಟಾಗಿಸುವ ಟಾರ್ ಮತ್ತು ಬೇರೆಡೆಗೆ ನಕಲಿಸುವ ಆರ್‌ಸಿಂಕ್‌ಗಳಿಗೂ ಹಾಗೆಯೇ ಕೇಳಿಕೊಳ್ಳಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಎಡಿಟರ್‌ಗಳ ನಡತೆ. ಹಲವು ಎಡಿಟರ್‌ಗಳು ಉಳಿಸುವಾಗ ಹೊಸ ಕಡತವೊಂದನ್ನು ಬರೆದು ಅದಕ್ಕೆ ಹಳೆಯ ಹೆಸರಿಡುತ್ತವೆ. ಗುಣಲಕ್ಷಣ ಸೇರಿರುವುದು ಐನೋಡ್‌ಗೆ, ಹೆಸರಿಗಲ್ಲ; ಹಳೆಯ ಐನೋಡ್ ಹೋದಾಗ ಚೀಟಿಯೂ ಅದರೊಡನೆ ಹೋಗುತ್ತದೆ.

ಇದಕ್ಕೆ ವಿರುದ್ಧವಾಗಿ, ಹೋಗಬೇಕಾದದ್ದು ಉಳಿದುಬಿಡುವುದೂ ಉಂಟು. ಜಾಲದಿಂದ ಕಡತ ಇಳಿಸಿಕೊಳ್ಳುವ ಡಬ್ಲ್ಯೂಗೆಟ್ ಆಜ್ಞೆ ಕೆಲಕಾಲ ತಾನು ಇಳಿಸಿಕೊಂಡ ಕಡತದ ಮೂಲ ವಿಳಾಸವನ್ನು ಯೂಸರ್ ವರ್ಗದ ಗುಣಲಕ್ಷಣವಾಗಿ ಯಾರೂ ಕೇಳದೆಯೇ ಬರೆದಿಡುತ್ತಿತ್ತು. ವಿಳಾಸದೊಳಗೆ ಬಳಕೆದಾರರ ಹೆಸರು, ಗುಪ್ತಪದಗಳಿದ್ದರೆ ಅವೂ ಕಡತದ ಜೊತೆ ಕುಳಿತುಬಿಡುತ್ತಿದ್ದವು. 2018ರಲ್ಲಿ ಇದನ್ನು ಭದ್ರತಾ ದೋಷವೆಂದು ದಾಖಲಿಸಿ, 1.20.1ನೇ ಆವೃತ್ತಿಯಲ್ಲಿ ಸರಿಪಡಿಸಲಾಯಿತು. ನಿಮ್ಮ ಲ್ಯಾಪ್‌ಟಾಪಿನ ಡೌನ್‌ಲೋಡ್ ಡೈರೆಕ್ಟರಿಯಲ್ಲಿ ಹಳೆಯ ಕಡತಗಳಿದ್ದರೆ ಗುಣಲಕ್ಷಣಗಳನ್ನು ತೋರಿಸುವ ಗೆಟ್‌ಎಫ್‌ಆಟ್ರ್ ಆಜ್ಞೆಯನ್ನು ಅವುಗಳ ಮೇಲೆ ಒಮ್ಮೆ ಓಡಿಸಿ ನೋಡಿ. ಅಷ್ಟರಲ್ಲಿ ನಾನು ‘ಮೈಸೂರು’ ಬರೆಯುವ ಪ್ರೋಗ್ರಾಮ್ ಅನ್ನು ಪರದೆಯ ಮೇಲೆ ತೆರೆಯುತ್ತೇನೆ.